ಮುನಿವೆಂಕಟಪ್ಪ ನುಂಗಿದ ರೊಟ್ಟಿ

ಕೆಂಗೇರಿಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಮುನಿವೆಂಕಟಪ್ಪನಿಗೆ ಕಣ್ಣಿಗಿಂತ ನಾಲಿಗೆಯ ಮೇಲೆ ನಂಬಿಕೆ ಹೆಚ್ಚು. ಬಿಡದಿ ಕಡೆಯ ಅಚ್ಚಾಗಲಿ, ಮಂಡ್ಯದ ಉಂಡೆಯಾಗಲಿ, ಉಗುರಿನಲ್ಲಿ ಒಂದು ಚೂರು ಕೆರೆದು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, "ಇದಕ್ಕೆ ಸುಣ್ಣ ಜಾಸ್ತಿ ಬಿದ್ದಿದೆ" ಅನ್ನುತ್ತಿದ್ದ. ತಪ್ಪುತ್ತಿರಲಿಲ್ಲ. ತಪ್ಪಿದರೂ ಒಪ್ಪುತ್ತಿರಲಿಲ್ಲ, ವ್ಯಾಪಾರದಲ್ಲಿ ಎರಡೂ ಒಂದೇ.

ಇಂಥವನಿಗೆ ಐವತ್ತೇಳನೇ ಇಸವಿಯಲ್ಲಿ ಒಂದು ಪೇಚು ಬಂತು. ಒಬ್ಬಳೇ ಮಗಳು ಯಶೋದೆಗೆ ದಾವಣಗೆರೆಯಿಂದ ಸಂಬಂಧ ಬಂದಿತ್ತು. ಗಂಡಿನ ತಂದೆ ವೆಂಕಟರಮಣಪ್ಪ ಮೂಲದಲ್ಲಿ ಕೆಂಗೇರಿ ಪಕ್ಕದ ನಾಯಂಡಹಳ್ಳಿಯವನೇ. ಹದಿನೈದು ವರ್ಷದ ಹಿಂದೆ ದಾವಣಗೆರೆಯ ಹತ್ತಿ ಮಿಲ್ಲಿಗೆ ಮೇಸ್ತ್ರಿಯಾಗಿ ಹೋದವನು ಅಲ್ಲೇ ನೆಲೆ ನಿಂತಿದ್ದ. ಮಗ ಅದೇ ಮಿಲ್ಲಿನಲ್ಲಿ ಗುಮಾಸ್ತ. ಕುಲ ಸರಿ, ಜಾತಕ ಸರಿ. ಆದರೆ ಯಶೋದೆ ಅಪ್ಪನಿಗೆ ಎಲೆ ಹಾಕುತ್ತಾ ಒಂದೇ ಮಾತು ಕೇಳಿದಳು.

"ಅಪ್ಪ, ಅಲ್ಲಿ ಮನೇಲಿ ದಿನಾ ಏನು ಮಾಡ್ತಾರೆ, ಏನು ತಿಂತಾರೆ, ನೋಡ್ಕೊಂಡು ಬಾ. ನಂಗೆ ಹೇಳದೆ ಮಾತು ಕೊಡಬೇಡ."

ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದ ಕೂಸು, ಜೋಳದ ಸೀಮೆಯಲ್ಲಿ ಬಾಯಿ ಒಣಗಿಸಿಕೊಂಡು ಕೂರುತ್ತೆ ಅಂದುಕೊಂಡ ಮುನಿವೆಂಕಟಪ್ಪ. "ಆಯ್ತು ಕಣವ್ವ" ಅಂದ.

ಅಂದನೇನೋ ಸರಿ, ನೋಡುವುದು ಹೇಗೆ? ಅವರ ಕುಲದಲ್ಲಿ ಒಂದು ಕಟ್ಟಳೆ ಇತ್ತು. ಹೆಣ್ಣು ಕೊಡುವ ಮಾತು ಮುಗಿಯುವ ತನಕ ಗಂಡಿನ ಮನೆಯಲ್ಲಿ ಎಲೆ ಮುಂದೆ ಕೂರುವ ಹಾಗಿಲ್ಲ. ಕೂತು ಉಂಡರೆ ಒಪ್ಪಿದಂತೆ. ಒಂದು ಅಚ್ಚು ಬೆಲ್ಲವನ್ನೂ ರುಚಿ ನೋಡದೆ ಕೊಳ್ಳದವನು ಗಂಡಿನ ಮನೆಯ ರುಚಿ ನೋಡದೆ ಮಗಳನ್ನು ಕೊಡಬೇಕು.

"ಮನೇಲಿ ತಾನೇ ತಿನ್ನಬಾರದು? ಊರಲ್ಲಿ ತಿನ್ನಬಹುದಲ್ಲ. ಹೋಟ್ಲಲ್ಲಿ ಮಾದರಿ ಸಿಗುತ್ತೆ" ಅಂತ ಅವನೇ ದಾರಿ ಕಂಡುಕೊಂಡ.

ದಾವಣಗೆರೆಗೆ ಹೋಗುವ ಬೆಲ್ಲದ ಲಾರಿಯಲ್ಲಿ ಡ್ರೈವರ್ ಬೈರಯ್ಯನ ಪಕ್ಕ ಅಕ್ಕ ತಮ್ಮ ಇಬ್ಬರೂ ಕೂತರು. ಅಕ್ಕ ಅಂದರೆ ಅಕ್ಕಯ್ಯಮ್ಮ. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದವಳು, ತಮ್ಮನನ್ನು ಇಪ್ಪತ್ತು ವರ್ಷದಿಂದ ಬೈದು ಬೆಳೆಸುತ್ತಿದ್ದಳು.

ತುಮಕೂರಿನಲ್ಲಿ ತಿಂಡಿಗೆ ನಿಂತರು. 'ಶ್ರೀ ವೇಣುಗೋಪಾಲ ಭವನ.' ಹಸಿರು ಬಾಗಿಲು, ಗಲ್ಲಾದ ಮೇಲೆ ಕೊಳಲು ಹಿಡಿದ ಕೃಷ್ಣನ ಪಟ, ಕಲ್ಲಿನ ಮೇಜು. ಇಡ್ಲಿ ಸಾಂಬಾರು ಬಂತು. ಸಾಂಬಾರು ಸಿಹಿ.

"ನಮ್ಮ ಬೆಲ್ಲಾನೇ ಇದು" ಅಂದ ಮುನಿವೆಂಕಟಪ್ಪ, ಖುಷಿಯಾಗಿ.

"ಎಲ್ಲಾ ಬೆಲ್ಲಾನೂ ನಿಂದೇ ಕಣೋ, ತಿನ್ನು" ಅಂದಳು ಅಕ್ಕಯ್ಯಮ್ಮ.

ಗಲ್ಲಾದ ಮೇಲಿದ್ದ ಉಡುಪಿ ಕಡೆಯವರು ಎಲೆಯಡಿಕೆ ಕೊಟ್ಟು, "ದಾವಣಗೆರೆವರೆಗಾ? ದಾರಿಯುದ್ದ ನಮ್ಮವರದ್ದೇ ಹೋಟೆಲು ಮಾರಾಯ್ರೆ, ಇದೇ ಬೋರ್ಡು ನೋಡಿ ಇಳೀರಿ" ಅಂದರು. ಮುನಿವೆಂಕಟಪ್ಪನಿಗೆ ಅರ್ಧ ಭಾರ ಇಳಿಯಿತು. ದಾವಣಗೆರೆಯಲ್ಲೂ ಇದೇ ರುಚಿ ಅಂದ ಮೇಲೆ ಮಗಳಿಗೇನು ಕಷ್ಟ?

ಹಿರಿಯೂರಿನಲ್ಲಿ ಅದೇ ಬೋರ್ಡು, ಅದೇ ಹಸಿರು ಬಾಗಿಲು, ಅದೇ ಕೃಷ್ಣ. ಧೈರ್ಯವಾಗಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಬಾಯಿಗಿಟ್ಟ. ಕಿವಿಯಲ್ಲಿ ಹೊಗೆ ಬಂತು. ಖಾರ! ಚಟ್ನಿಯಲ್ಲಿ ತೆಂಗಿನಕಾಯಿಯ ಜಾಗದಲ್ಲಿ ಕಡಲೆಕಾಯಿ ಕೂತಿತ್ತು.

"ಸ್ವಾಮಿ, ಇದು ತುಮಕೂರಿನವರದ್ದೇ ಹೋಟ್ಲಾ?"

"ಹೌದು, ಅಲ್ಲಿರುವುದು ನಮ್ಮ ಅಣ್ಣ."

"ಮತ್ತೆ ಅಲ್ಲಿ ಸಿಹಿ, ಇಲ್ಲಿ ಖಾರ?"

"ಅಣ್ಣನ ಗಿರಾಕಿ ಬೇರೆ, ನನ್ನ ಗಿರಾಕಿ ಬೇರೆ. ಸಿಹಿ ಸಾಂಬಾರು ಹಾಕಿದರೆ ಈ ಊರಿನವರು ಲೋಟ ಎತ್ತಿ ನನ್ನ ಮೇಲೇ ಹೊಯ್ತಾರೆ ಮಾರಾಯ್ರೆ."

ಮುನಿವೆಂಕಟಪ್ಪನಿಗೆ ತಲೆ ಕೆಟ್ಟಿತು. ಒಂದೇ ಮಂಡಿಯ ಎರಡು ಮೂಟೆಯಲ್ಲಿ ಒಂದು ಬೆಲ್ಲ, ಇನ್ನೊಂದು ಮೆಣಸಿನಕಾಯಿ ಅಂದರೆ ನಂಬುವುದು ಯಾವುದನ್ನು? ಲಾರಿ ಹತ್ತಿದ ಮೇಲೂ ಗೊಣಗುತ್ತಲೇ ಇದ್ದ. ಬೈರಯ್ಯ, "ಅಣ್ಣ, ಖಾರ ತಿಂದ್ರೆ ನಿದ್ದೆ ಬರಲ್ಲ, ನಂಗೇನೋ ಒಳ್ಳೇದೇ ಆಯ್ತು" ಅಂದ.

ದಾವಣಗೆರೆ ಸೇರಿದಾಗ ಎರಡೂವರೆ. ಬೈರಯ್ಯ ಸರಕು ಇಳಿಸಲು ಹೋದ. ಗಂಡಿನ ಮನೆಗೆ ಹೋಗುವುದು ಸಂಜೆ, ಮುಖ ತೊಳೆದು, ಮಡಿ ಪಂಚೆ ಉಟ್ಟು. ಅಷ್ಟರಲ್ಲಿ ಊಟದ ಮಾದರಿ ನೋಡಿಬಿಡೋಣ ಅಂತ ಮಿಲ್ಲಿನ ಎದುರಿದ್ದ ವೇಣುಗೋಪಾಲ ಭವನಕ್ಕೆ ನುಗ್ಗಿದರೆ, 'ಊಟ ಮುಗಿದಿದೆ' ಅನ್ನುವ ಹಲಗೆ ತೂಗುತ್ತಿತ್ತು. ಅಲ್ಲಿಯವರೇ, "ಹಿಂದಿನ ಓಣಿಯಲ್ಲಿ ಬೇವಿನ ಮರದ ಪಕ್ಕ ಖಾನಾವಳಿ ಇದೆ, ಜೋಳದ ರೊಟ್ಟಿ ಊಟ" ಅಂತ ಕೈ ತೋರಿಸಿದರು.

ಓಣಿಯಲ್ಲಿ ಬೇವಿನ ಮರ ಎರಡಿದ್ದವು. ಹಸಿದವನು ಮೊದಲನೆಯದಕ್ಕೇ ನಿಲ್ಲುತ್ತಾನೆ.

ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಆರೇಳು ಗಂಡಸರು ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಬೋರ್ಡಿಲ್ಲ, ಗಲ್ಲಾ ಇಲ್ಲ. "ಖಾನಾವಳಿ ಅಂದ್ರೆ ಹೀಗೇ ಇರಬೇಕು" ಅಂದ ಮುನಿವೆಂಕಟಪ್ಪ. ಒಳಗಿನಿಂದ ಬಂದ ಹೆಂಗಸು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, "ಬರ್ರಿ, ಕುಂದ್ರಿ, ಕೈ ತೊಳಕೊಳ್ಳಿ" ಅಂತ ಚೆಂಬು ಕೊಟ್ಟಳು. ಅಕ್ಕಯ್ಯಮ್ಮ ಸಾಲಿನ ತುದಿಯಲ್ಲಿ, ಗೋಡೆಗೆ ಒರಗಿ ಕೂತಳು.

ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿಪುಡಿ ಬಂತು. ಮುನಿವೆಂಕಟಪ್ಪ ಐವತ್ತು ವರ್ಷದ ಅಭ್ಯಾಸದಲ್ಲಿ ಒಂದು ತುಂಡು ಮುರಿದು, ಎಣ್ಣೆಗಾಯಿಯ ರಸದಲ್ಲಿ ಅದ್ದಿ, ಅಗಿಯದೆ ನುಂಗಿದ. ಮುದ್ದೆ ಗಂಟಲಲ್ಲಿ ಜಾರುತ್ತೆ. ರೊಟ್ಟಿ ನಿಂತಿತು. ಕಣ್ಣು ಮೇಲೆ ಹೋಯಿತು. ಪಕ್ಕದಲ್ಲಿ ಉಣ್ಣುತ್ತಿದ್ದ ಹುಡುಗ ಬೆನ್ನು ಗುದ್ದಿ, ನೀರು ಕುಡಿಸಿ, "ಅಗೀಬೇಕ್ರಿ ಇದನ್ನ" ಅಂದ.

ಆ ಹೆಂಗಸು ನಿಂತು ನೋಡಿದಳು. ಮುಖ ಅರಳಿತು. "ಅಯ್ಯೋ, ನುಂಗೋರು! ನಮ್ಮ ಕಡೆಯೋರು!" ಅಂತ ಒಳಗೆ ಓಡಿ, ಬಿಸಿ ಮುದ್ದೆ, ಬಸ್ಸಾರು ತಂದು ಬಡಿಸಿದಳು. "ನಮ್ಮ ಯಜಮಾನರಿಗೆ ಅಂತ ಎತ್ತಿಟ್ಟಿದ್ದೆ. ಹದಿನೈದು ವರ್ಷ ಆದ್ರೂ ಅವ್ರಿಗೆ ಮುದ್ದೆ ಬಿಡೋಕೆ ಆಗಿಲ್ಲ." ಹುಡುಗನ ಕಡೆಗೂ ಮುದ್ದೆ ಬಂತು. "ನಂಗೆ ಬ್ಯಾಡವ್ವ, ರೊಟ್ಟಿ ಹಾಕು" ಅಂದ ಅವನು.

ಜೋಳದ ಸೀಮೆಯ ಖಾನಾವಳಿಯಲ್ಲಿ ಬಸ್ಸಾರು! ಮುನಿವೆಂಕಟಪ್ಪನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಎರಡು ಮುದ್ದೆ ಇಳಿಯಿತು. ಕೈ ತೊಳೆದು, ಜೇಬಿಗೆ ಕೈ ಹಾಕಿ, "ಎಷ್ಟಾಯ್ತಮ್ಮ, ಇಬ್ಬರದ್ದು?" ಅಂದ.

ಸಾಲಿಗೆ ಸಾಲೇ ಉಣ್ಣುವುದನ್ನು ನಿಲ್ಲಿಸಿತು.

ಅದೇ ಹೊತ್ತಿಗೆ ಬಿಸಿಲಲ್ಲಿ ಬೆಂದು ಬಂದ ಒಬ್ಬರು ಹೊಸಿಲಲ್ಲಿ ಚಪ್ಪಲಿ ಬಿಡುತ್ತಾ, "ಎರಡು ಬಸ್ಸು ನೋಡ್ದೆ ಕಣೇ, ಕೆಂಗೇರಿ ಬೀಗರು ಇಳೀಲೇ ಇಲ್ಲ" ಅಂದರು.

ಅದು ವೆಂಕಟರಮಣಪ್ಪ. ಬಡಿಸಿದವಳು ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಸಾಲಿನಲ್ಲಿ ಕೂತಿದ್ದವರು ಸಂಜೆಯ ಮಾತುಕತೆಗೆ ಬಂದಿದ್ದ ನೆಂಟರು. ಈ ಇಬ್ಬರನ್ನೂ ಆ ನೆಂಟರ ಕಡೆಯವರು ಅಂದುಕೊಂಡು ಆಕೆ ಕೂರಿಸಿದ್ದಳು. ಬೆನ್ನು ಗುದ್ದಿದವನೇ ಮದುವೆಯ ಗಂಡು. ಖಾನಾವಳಿ ಎರಡನೇ ಬೇವಿನ ಮರದ ಹತ್ತಿರ.

ವೆಂಕಟರಮಣಪ್ಪನಿಗೆ ವಿಷಯ ತಿಳಿದದ್ದೇ ತಡ, ಕೈ ಮುಗಿದು ನಕ್ಕ. "ಉಂಡಾಯ್ತು ಅಂದ್ಮೇಲೆ ಮಾತು ಮುಗಿದ ಹಾಗೇ ಬಿಡಿ ಬೀಗರೇ!"

ಮುನಿವೆಂಕಟಪ್ಪನ ಕೈ ಜೇಬಲ್ಲೇ ಉಳಿಯಿತು. ಮಗಳಿಗೆ ಕೊಟ್ಟ ಮಾತು ಒಂದು ಕಡೆ, ಹೊಟ್ಟೆಯಲ್ಲಿದ್ದ ಎರಡು ಮುದ್ದೆ ಇನ್ನೊಂದು ಕಡೆ. ಅಕ್ಕನ ಮುಖ ನೋಡಿದ.

"ಅದ್ಹೆಂಗೆ ಮುಗಿಯುತ್ತೆ?" ಅಂದಳು ಅಕ್ಕಯ್ಯಮ್ಮ, ಎಲೆ ಮಡಿಸುತ್ತಾ. "ನಾವು ಖಾನಾವಳಿ ಅಂತ ಕೂತೋರು. ಬೀಗರ ಮನೆ ಅಂತ ಕೂತಿದ್ರೆ ತಾನೇ ಕಟ್ಟಳೆ? ಹುಡುಗಿ ಕೇಳಿ ಎಂಟು ದಿನಕ್ಕೆ ಹೇಳಿ ಕಳಿಸ್ತೀವಿ. ಆದ್ರೆ ಬಸ್ಸಾರು ಚೆನ್ನಾಗಿತ್ತು ಕಣಮ್ಮ."

ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಯಾರೂ ಮುನಿಸಿಕೊಳ್ಳಲಿಲ್ಲ.

ವಾಪಸ್ಸು ಬರುವಾಗ ಮುನಿವೆಂಕಟಪ್ಪ ಅಕ್ಕನಿಗೆ ಮೆಲ್ಲಗೆ ಹೇಳಿದ: "ಆ ಹುಡುಗ ಮುದ್ದೆ ಬೇಡ ಅಂದನಲ್ಲ, ಅದನ್ನ ಮಾತ್ರ ಯಶೋದೆಗೆ ಹೇಳೋದು ಬೇಡ. ಸರಕಿನಲ್ಲಿ ಅದೊಂದೇ ಐಬು."

ಮಾರನೇ ದಿನ ಮಧ್ಯಾಹ್ನ ಮನೆ ಸೇರಿದಾಗ ಯಶೋದೆ ಮಂಡಿಯ ಹಮಾಲಿಗಳಿಗೆಲ್ಲ ಅಡಿಗೆ ಮುಗಿಸಿ ಹೊರಗೆ ಬಂದಳು. ಅಂಗೈಯಲ್ಲಿ ಮುದ್ದೆ ತಿರುವುವ ಕೋಲು ಹಿಡಿದು ಹಿಡಿದು ಕಟ್ಟಿದ ಜಡ್ಡು, ಅದರ ಮೇಲೆ ಹೊಸ ಬೊಬ್ಬೆ. ಅಪ್ಪ ಗೆದ್ದವನಂತೆ ಹೇಳಿದ: "ಯೋಚನೆ ಮಾಡಬೇಡ ಕಣವ್ವ. ಅಲ್ಲೂ ದಿನಾ ಮುದ್ದೆ ಮಾಡ್ತಾರೆ!"

ಯಶೋದೆಯ ಮುಖ ಬಾಡಿತು. "ಅಲ್ಲೂನಾ? ಹತ್ತು ವರ್ಷದಿಂದ ಎರಡು ಹೊತ್ತು ಹದಿನಾಲ್ಕು ಜನಕ್ಕೆ ತಿರುವಿ ತಿರುವಿ ಭುಜ ಬಿದ್ದುಹೋಗಿದೆ. ಜೋಳದ ಸೀಮೆ, ಮುದ್ದೆ ಕಾಟ ಇರಲ್ಲ ಅಂದ್ಕೊಂಡಿದ್ದೆ. ಬೇಡ ಅಂತ ಹೇಳಿ ಕಳಿಸಪ್ಪ."

ಮುನಿವೆಂಕಟಪ್ಪ ಅಕ್ಕನ ಕಡೆ ತಿರುಗಿದ.

"ತಿನ್ನೋನು ಮಾವ ಒಬ್ಬನೇ ಕಣೇ. ಅವನಿಗೆ ತಿರುವೋಕೆ ಅವನ ಹೆಂಡ್ತಿ ಇದ್ದಾಳೆ" ಅಂದಳು ಅಕ್ಕಯ್ಯಮ್ಮ. "ಹುಡುಗ ಮುದ್ದೆ ಮುಟ್ಟಲ್ಲ. ಎಲೆಗೆ ಬಂದದ್ದನ್ನೂ ಬೇಡ ಅಂದ."

"ಅಕ್ಕ!" ಅಂದ ತಮ್ಮ.

ಯಶೋದೆ ತನ್ನ ಅಂಗೈ ನೋಡಿಕೊಂಡಳು. "ರೊಟ್ಟಿ ಹೇಗೆ ತಟ್ತಾರೆ ಅತ್ತೆ? ಕೋಲು ಬೇಕಾಗಲ್ವಾ?"

"ಬರೀ ಕೈ ಕಣೇ. ನಿಮ್ಮಪ್ಪ ಒಂದು ಚೂರು ನುಂಗಿ ಪ್ರಾಣ ಬಿಡ್ತಿದ್ದ. ಆ ಹುಡುಗಾನೇ ಬೆನ್ನು ಗುದ್ದಿ ಉಳಿಸಿದ್ದು."

ಯಶೋದೆ ನಗುತ್ತಾ ಒಳಗೆ ಹೋದಳು. ಬಾಗಿಲ ಹಿಂದಿನಿಂದ, "ಎಂಟು ದಿನ ಯಾಕೆ ಕಾಯಿಸ್ತೀರ ಅವರನ್ನ" ಅಂದದ್ದು ಕೇಳಿಸಿತು.

ಮುನಿವೆಂಕಟಪ್ಪ ಜಗಲಿಯ ಮೇಲೆ ಕೂತ. ಮರೆಮಾಚಬೇಕು ಅಂದುಕೊಂಡಿದ್ದ ಐಬಿನಿಂದಲೇ ಸರಕು ಬಿಕರಿಯಾಗಿತ್ತು.

"ಅಕ್ಕ, ಈಗ ಅವಳು ಒಪ್ಪಿದಳೋ, ಇಲ್ವೋ?"

"ಒಳಗೆ ಹೋಗಿ ಉಣ್ಣು ಹೋಗೋ" ಅಂದಳು ಅಕ್ಕಯ್ಯಮ್ಮ. "ಅಗಿದು ಉಣ್ಣು. ಇನ್ನು ಮೇಲೆ ಅಭ್ಯಾಸ ಬೇಕಾಗುತ್ತೆ."