ಜೀನ್ಸ್ ಸೀಟಿನ ಕಾರು ಮತ್ತು ಮಾವನ ಧೋತ್ರ

ಆ ಕಾರನ್ನು ನಾನು ಮೊದಲು ನೋಡಿದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಹಿತ್ತಲಲ್ಲಿ. ಹಿಂದೆ ಉದ್ದನೆಯ ಡಿಕ್ಕಿ ಇಲ್ಲದ ಪುಟ್ಟ ಹಳೆಯ ಕಾರು, ಒಂದು ಕಾಲಕ್ಕೆ ಕೆಂಪಗಿತ್ತಂತೆ. ಭತ್ತದ ಹೊಟ್ಟಿನ ಧೂಳು ಎಷ್ಟು ಕೂತಿತ್ತೆಂದರೆ ಬಣ್ಣ ಯಾವುದೆಂದು ಬೆರಳಿನಿಂದ ಗೀರಿ ನೋಡಬೇಕಿತ್ತು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಗಿರಣಿಯ ಮಾಲೀಕರು, "ತಗೊಂಡು ಹೋಗ್ರಿ ಮಾಸ್ಟರ್, ಆದ್ರ ಕೋಳಿ ಮರಿ ಮಾಡೋ ತನಕ ತಡೀರಿ" ಎಂದರು. ತಡೆದೆ. ಅಷ್ಟರಲ್ಲಾಗಲೇ ಮನಸ್ಸು ಕೊಟ್ಟಾಗಿತ್ತು.

ಮಾಸ್ಟರ್ ಎಂದರೆ ಶಾಲೆಯ ಮಾಸ್ತರನಲ್ಲ. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ನಾನು ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಗುರುತು ಹಾಕಿ, ಒಂದೇ ಸಲಕ್ಕೆ ಕತ್ತರಿಸುವುದು ನನ್ನ ಕೆಲಸ. ನನ್ನ ಹೆಂಡತಿ ಮನೆಯಲ್ಲೇ ಪ್ಯಾಂಟು ಹೊಲಿಯುತ್ತಾಳೆ. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯ ಮುಂದೆ ಬೇವಿನ ಮರದ ಕೆಳಗೆ ಒಂದು ಕಾರು ನಿಲ್ಲುವಷ್ಟು ಜಾಗವಿತ್ತು. ಅದು ಖಾಲಿ ಬಿದ್ದಿರುವುದನ್ನು ನೋಡಿದಾಗಲೆಲ್ಲ ನನಗೆ ಮಾವ ನೆನಪಾಗುತ್ತಿದ್ದರು.

ಮಾವ ಎಂದರೆ ಹೆಂಡತಿಯ ಅಪ್ಪ, ದೇಶನೂರಿನ ಭತ್ತದ ರೈತರು. ಬಿಳಿ ಧೋತ್ರ, ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ನನ್ನ ಮದುವೆಯ ಹೊಸದರಲ್ಲಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ಹೋಗುವಾಗ ಒಂದು ಎಮ್ಮೆ ಅಡ್ಡ ಬಂತು. ಸ್ಕೂಟರಿನ ಸಮೇತ ಇಬ್ಬರೂ ಗದ್ದೆಯ ಕೆಸರಿಗಿಳಿದೆವು. ತಪ್ಪು ಎಮ್ಮೆಯದು, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ಮಾವ ಎದ್ದು, ಧೋತ್ರ ಹಿಂಡಿಕೊಂಡು, "ಅಳಿಯಂದ್ರ ಗಾಡಿ ಇನ್ನ ನಾ ಹತ್ತಂಗಿಲ್ಲ" ಎಂದರು. ಅಂದಿನಿಂದ ನಮ್ಮ ಮನೆಗೆ ಬರುವುದು ಬಸ್ಸು, ಆಟೊದಲ್ಲೇ. ನಾನು ಬಸ್‌ಸ್ಟ್ಯಾಂಡಿಗೆ ಕರೆಯಲು ಹೋದರೆ ಚೀಲವನ್ನು ನನ್ನ ಸ್ಕೂಟರಿಗೆ ಕೊಟ್ಟು, ತಾವು ಆಟೊ ಹತ್ತುತ್ತಿದ್ದರು. ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ನಂಬಿಕೆ ಇರಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಬೇಕು, ನನಗೆ ಬೇಕಾಗಿದ್ದು ಇಷ್ಟೇ.

ಕಾರು ಟೆಂಪೊದ ಮೇಲೆ ಕೂತು ಬಂದಿಳಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗುಜರಿಗೆ ಹಾಕೋದನ್ನ ಮನಿಗೆ ತಂದೀರಲ್ರಿ!" ನಮ್ಮ ಓಣಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇಂಜಿನ್ ಗಟ್ಟಿ ಐತಿ ಮಾಸ್ಟರ್. ಉಳಿದದ್ದು ಮಾತ್ರ ಕೇಳಬ್ಯಾಡ್ರಿ" ಎಂದ. ಆ ಬೇಸಿಗೆಯ ರಜೆಯ ದಿನಗಳೆಲ್ಲ ಬೇವಿನ ನೆರಳಿನಲ್ಲೇ ಕಳೆದವು. ಕ್ಲಚ್ ಪ್ಲೇಟ್ ಬದಲಾಯಿತು, ರೇಡಿಯೇಟರಿಗೆ ಬೆಸುಗೆ ಬಿತ್ತು, ತುಕ್ಕು ತಿಂದ ತಳಕ್ಕೆ ತಗಡು ಕೂತಿತು. ಅವನು ಬಿಚ್ಚಿಕೊಟ್ಟದ್ದನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದೆ. ಮೊದಲ ಸಲ ಒಳಗಿನ ಫ್ಯಾನ್ ಹಾಕಿದಾಗ ಅದರ ಬಾಯಿಂದ ಭತ್ತದ ಹೊಟ್ಟು ಭರ್ರನೆ ಹಾರಿ ನಮ್ಮಿಬ್ಬರ ಮೀಸೆಯಲ್ಲೆಲ್ಲ ತುಂಬಿಕೊಂಡಿತು. "ಕಾರಲ್ಲ, ಗಿರಣೀನ ತಂದೀರಿ ನೀವು" ಎಂದು ಮೆಕ್ಯಾನಿಕ್ ಉಗುಳುತ್ತ ನಕ್ಕ. ನಾನು ಅಷ್ಟು ಸುಖವಾಗಿ ನಕ್ಕು ಬಹಳ ವರ್ಷವಾಗಿತ್ತು.

ಸೀಟು ಮಾತ್ರ ನಾನು ಯಾರ ಕೈಗೂ ಕೊಡಲಿಲ್ಲ. ಮೆಕ್ಯಾನಿಕ್ ರೆಕ್ಸಿನ್ ಹಾಕಿಸಲು ಹೇಳಿದ. ಬಳ್ಳಾರಿಯ ಕಟಿಂಗ್ ಮಾಸ್ಟರನ ಕಾರಿಗೆ ರೆಕ್ಸಿನ್ನೇ? ಕಾರ್ಖಾನೆಯಲ್ಲಿ ಉಳಿದಿದ್ದ ಕಡುನೀಲಿ ಜೀನ್ಸ್ ಬಟ್ಟೆ ತಂದು ಅಳತೆ ತೆಗೆದು ಕತ್ತರಿಸಿದೆ. ಗುಜರಿ ಎಂದು ಮೂಗು ಮುರಿದಿದ್ದ ಹೆಂಡತಿಗೆ ಕತ್ತರಿಸಿದ ಬಟ್ಟೆ ಕಂಡ ಮೇಲೆ ಕೈ ಸುಮ್ಮನಿರಲಿಲ್ಲ. ಹಳದಿ ದಾರದಲ್ಲಿ ಜೋಡಿ ಹೊಲಿಗೆ ಹಾಕಿದಳು. ಮುಂದಿನ ಸೀಟಿನ ಬೆನ್ನಿಗೆ ಪ್ಯಾಂಟಿನ ಜೇಬನ್ನೂ ಇಟ್ಟಳು. ಕವರು ತೊಡಿಸಿದ ಮೇಲೆ ಇಬ್ಬರೂ ಒಳಗೆ ಕೂತು ಚಹಾ ಕುಡಿದೆವು.

ಶ್ರಾವಣ ಸೋಮವಾರ ಕುರುಗೋಡಿನ ಬಸವಣ್ಣನಿಗೆ ಕಾಯಿ ಒಡೆಸುವುದು ಮಾವನ ಪದ್ಧತಿ. ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ತಟ್ಟಿ, "ಚಂದ ಮಾಡೀರಿ" ಎಂದರು. ಆಮೇಲೆ, "ಕುರುಗೋಡು ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದರು. ನನ್ನ ಮುಖ ಸಪ್ಪಗಾಯಿತು. ಆಗ ಹೆಂಡತಿ ಮುಂದಿನ ಬಾಗಿಲು ತೆಗೆದಳು.

"ಅಪ್ಪಾ, ಈ ಸೀಟು ನಾ ಹೊಲ್ದೀನಿ. ನನ್ನ ಹೊಲಿಗಿ ಮ್ಯಾಲರ ಕುಂದ್ರು."

ಮಾವ ಬಗ್ಗಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಧೋತ್ರ ಸರಿಮಾಡಿಕೊಂಡು ಕೂತರು. "ನಿಮ್ಮನ್ನ ನಂಬಿ ಅಲ್ಲ ಅಳಿಯಂದ್ರೇ, ಮಗಳ ಹೊಲಿಗಿ ನಂಬಿ ಕುಂತೀನಿ" ಎಂದರು. ನನಗೆ ಅಷ್ಟು ಸಾಕಾಗಿತ್ತು. ದಾರಿಯುದ್ದಕ್ಕೂ ದೂರದಲ್ಲಿ ಎಮ್ಮೆ ಕಂಡರೆ ಸಾಕು, "ಎಮ್ಮಿ ಐತಿ ನೋಡ್ರಿ" ಎನ್ನುತ್ತಿದ್ದರು. ನಾನು ಪ್ರತಿ ಎಮ್ಮೆಗೂ ಬ್ರೇಕ್ ಒತ್ತಿ ಗೌರವ ಕೊಟ್ಟೆ. ಸೆಕೆಗೆ ಮೂವರೂ ಬೆವರಿ ತೊಪ್ಪೆಯಾಗಿದ್ದೆವು, ಆದರೂ ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎನಿಸುತ್ತಿತ್ತು.

ಕುರುಗೋಡಿನಲ್ಲಿ ಇಳಿದು ಮಾವ ಗುಡಿಯತ್ತ ಮುಂದೆ ನಡೆದರು. ನಾನು ಹಿಂದಿನಿಂದ ನೋಡಿದೆ. ಅಂಗಿಯ ಬೆನ್ನು, ಧೋತ್ರದ ಹಿಂಭಾಗ, ಎಲ್ಲ ನೀಲಿ. ಜೋಡಿ ಹೊಲಿಗೆಯ ಗೆರೆ ಕೂಡ ಅಚ್ಚೊತ್ತಿತ್ತು.

ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆಂದು ಊರಿಗೆಲ್ಲ ಗೊತ್ತು. ನಮ್ಮಲ್ಲಿ ಕತ್ತರಿಸಿ ಹೊಲಿದ ಮೇಲೆ ಮಾಲು ಹೆಚ್ಚಿನ ಬಣ್ಣ ತೊಳೆಯಲು ವಾಷಿಂಗಿಗೆ ಹೋಗುತ್ತದೆ; ಅದು ಬೇರೆಯವರ ಕೆಲಸ. ನಾನು ಕತ್ತರಿಸಿ ಕಳಿಸುವವನು, ಅವಳು ಹೊಲಿದು ಕಳಿಸುವವಳು. ಇಬ್ಬರ ಕೈಯೂ ವರ್ಷವಿಡೀ ನೀಲಿ. ಆ ನೀಲಿ ನಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಹೂ ಮಾರುವ ಹೆಂಗಸು, "ಅಜ್ಜಾ, ಧೋತ್ರಕ್ಕ ಏನೋ ಹತ್ತೇತಿ ನೋಡ್ರಿ" ಎಂದಳು. ಮಾವ ಧೋತ್ರವನ್ನು ಮುಂದಕ್ಕೆಳೆದು ನೋಡಿದರು. ನನ್ನನ್ನೂ ನೋಡಿದರು. ಕಾಯಿ ಒಡೆಸಿ, ನಮ್ಮಿಬ್ಬರಿಗೂ ಒಂದೊಂದು ಹೋಳು ಕೊಟ್ಟು, "ನಾ ಹಿಂಗ ಬಸ್ಸಿಗೇ ಊರಿಗೆ ಹೋಗ್ತೀನಿ" ಎಂದು ಹೊರಟುಬಿಟ್ಟರು. ಬಳ್ಳಾರಿಯವರೆಗೂ ನನ್ನ ಪಕ್ಕದ ಸೀಟು ಖಾಲಿ. ಹಿಂದೆ ಕೂತ ಹೆಂಡತಿ ಕಾಯಿಯ ಹೋಳನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಬೈಗುಳವಾದರೂ ಬಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮರುದಿನವೇ ಕವರುಗಳನ್ನು ಬಿಚ್ಚಿ ವಾಷಿಂಗಿಗೆ ಹಾಕಿದೆ. ತಿಳಿನೀಲಿಯಾಗಿ ಬಂದವು, ಜೊತೆಗೆ ಕುಗ್ಗಿಯೂ ಬಂದವು. ಹೆಂಡತಿ ಗೊಣಗುತ್ತಲೇ ಅಂಚಿಗೆ ಪಟ್ಟಿ ಜೋಡಿಸಿದಳು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ಉಜ್ಜಿ ನೋಡಿದೆ. ಒಂದು ಚುಕ್ಕೆ ಬಣ್ಣವೂ ಹತ್ತಲಿಲ್ಲ. ಆದರೆ ಇನ್ನು ಯಾರಿಗಾಗಿ?

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದೆ. ಗೇಟಿನ ಮುಂದೆ ಆಟೊ ನಿಂತಿತು. ಮಾವ ಇಳಿದರು, ಕೈಯಲ್ಲಿ ಚೀಲ. ಚೀಲ ಇಸಿದುಕೊಳ್ಳಲು ಮನೆಯಿಂದ ಬಂದ ಹೆಂಡತಿ ಅವರ ಬೆನ್ನ ಕಡೆ ನೋಡಿ ಗಕ್ಕನೆ ನಿಂತಳು. "ಅಪ್ಪಾ, ಹಬ್ಬದ ದಿನ ಆ ನೀಲಿ ಧೋತ್ರ ಯಾಕ ಉಟ್ಟೀ? ಬ್ಯಾರೇದು ಇಲ್ಲೇನು?"

"ಹೊಸಾದು ಚೀಲದಾಗ ಐತಿ, ಪೂಜಿಗೆ ಉಟಗೊಂತೀನಿ" ಎಂದರು ಮಾವ. "ಇದು ಕಾರಿಗಂತ ಇಟ್ಟೀನಿ."

ಹಾಗೆಂದು ಹೋಗಿ ಮುಂದಿನ ಬಾಗಿಲು ತಾವೇ ತೆಗೆದು ಕೂತರು. ಸೀಟು ಈಗ ಬಣ್ಣ ಬಿಡುವುದಿಲ್ಲ ಎಂದು ಹೇಳಲು ಹೆಂಡತಿ ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡವೆಂದು, ಕೀಲಿ ತರಲು ಒಳಗೆ ಓಡಿದೆ.