ಎರಡೇ ಕುರ್ಚಿಯ ದ್ವೀಪ

ನಮ್ಮ ನೀಲವ್ವತ್ತಿ ಗಂಡನ ಹೆಸರು ಹೇಳಿದ್ದನ್ನು ಕೆರೂರಿನಲ್ಲಿ ಯಾರೂ ಕೇಳಿಲ್ಲ, ಒಡಪಿನಲ್ಲಿ ಕೇಳಿದ್ದು ಬಿಟ್ಟರೆ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, “ಗಂಡನ ಹೆಸರು ಹೇಳಿ ಒಳಗ ಬಾ” ಎಂದು ಕಾಡಿದಾಗ ಅತ್ತಿ ಸೆರಗನ್ನು ಬಾಯಿಗೆ ಹಿಡಿದುಕೊಂಡು ಒಂದೇ ಉಸಿರಿಗೆ ಉದುರಿಸಿಬಿಡುತ್ತಿದ್ದಳು: “ಬಾದಾಮಿ ಗುಡ್ಡಕ್ಕ ಕಲ್ಲಿನ ಮೆಟ್ಟಲ, ಬಿಸಿ ರೊಟ್ಟಿಗೆ ಬೆಣ್ಣಿ ಬಟ್ಟಲ, ಮಲ್ಲಪ್ಪನವರ ಹೆಸರು ಹೇಳೇನಿ, ಇನ್ನರ ಬಿಡ್ರೆವಾ ಬಾಗಿಲ!” ಆ ಹೆಸರು ಪ್ರಾಸದ ನಡುವೆ ಎಲ್ಲಿ ಬಂತು, ಎಲ್ಲಿ ಹೋಯಿತು, ತಿಳಿಯುತ್ತಲೇ ಇರಲಿಲ್ಲ. ಉಳಿದ ದಿನವೆಲ್ಲ “ಏನ್ರಿ”, “ಕೇಳಿಲ್ಲೇನ್ರಿ”. ಬೇರೆಯವರ ಮುಂದೆ “ನಮ್ಮ ಮನ್ಯಾಗಿನವರು”. ಅಷ್ಟೇ.

ಹಾಗಂತ ಅತ್ತಿ ಬಾಯಿ ಸತ್ತವಳಲ್ಲ. ನನ್ನ ತಂದೆಯ ತಂಗಿ. ಆ ಮನೆತನದ ನಾಲಿಗೆ ಎಂಥದ್ದೆಂದು ನನ್ನನ್ನು ನೋಡಿದವರಿಗೆ ಗೊತ್ತು. ತೂಕದಲ್ಲಿ ಮೋಸ ಮಾಡಿದ ಕಾಯಿಪಲ್ಲೆಯವನ ಏಳು ತಲೆಮಾರನ್ನು ಸಂತೆಯ ನಡುವೆ ನಿಂತು ಎಣಿಸಬಲ್ಲಳು. ಆದರೆ ಗಂಡನೆದುರು ಮಾತ್ರ ಇಳಕಲ್ ಸೀರೆಯ ಸೆರಗು ಹಣೆಗಿಳಿಯುತ್ತಿತ್ತು, ಮುಖ ಗೋಡೆಗೆ ತಿರುಗುತ್ತಿತ್ತು, ದನಿ ನೆಲಕ್ಕೆ ಬೀಳುತ್ತಿತ್ತು. ಅತ್ತೆ, ಮೈದುನರು, ನೆಗೆಣ್ಣಿಯರು ತುಂಬಿದ ಮನೆಯಲ್ಲಿ ಸೊಸೆಯಾದವಳು ಗಂಡನ ಜೊತೆ ಹಾಗೆಯೇ ಮಾತಾಡಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಆಕೆ ಅಜ್ಜಿಯಾದರೂ ಅದು ಬಿಡಲಿಲ್ಲ.

ಮಲ್ಲಪ್ಪ ಮಾಮಾನದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಪಡಸಾಲೆಯೇ ಗಿರಣಿ. ಮುಂಜಾನೆ ಶುರುವಾದರೆ ದೀಪ ಹಚ್ಚುವ ತನಕ ಗಡಗಡ ಗಡಗಡ. ಬಾಗಿಲಿಂದ ಬೀದಿಯವರೆಗೆ ಡಬ್ಬಿಗಳ ಪಾಳಿ. ಯಾರೇ ಬರಲಿ, ಯಾರದೇ ಆಗಲಿ, ಪಾಳಿ ತಪ್ಪಿಸಿ ಮಾಮಾ ಒಂದು ಸೇರು ಬೀಸಿಕೊಟ್ಟವರಲ್ಲ. “ಪಾಳಿ ಅಂದ್ರ ಪಾಳಿ” ಎನ್ನುವುದು ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಭಾಷಣ. ರೆಪ್ಪೆಯ ಮೇಲೂ ಹಿಟ್ಟು. ಆ ಗದ್ದಲದಲ್ಲಿ ಗಿರಾಕಿಗಳ ತುಟಿ ನೋಡಿಯೇ ಜೋಳವೋ ಗೋದಿಯೋ, ಸಣ್ಣಗೋ ದಪ್ಪಗೋ ತಿಳಿದುಕೊಳ್ಳುತ್ತಿದ್ದರು. ಕಿವಿಯಂತೂ ವರ್ಷದಿಂದ ವರ್ಷಕ್ಕೆ ಹೋಗುತ್ತ ಬಂತು. ದವಾಖಾನೆಯಲ್ಲಿ ಕೊಟ್ಟ ಕಿವಿಯ ಮಶೀನು ಗೋಡೆಯ ಗೂಡಿನಲ್ಲಿ ಕೂತಿತ್ತು. ಕೇಳಿದರೆ, “ಅದರಾಗೂ ಗಿರಣಿನ ಕೇಳ್ತತಿ” ಎನ್ನುತ್ತಿದ್ದರು.

ನಾನು ಬಾಗಲಕೋಟೆಯ ನವನಗರದಲ್ಲಿ ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಮುದುಕರಿಗೆ ಕಾಶಿ, ಹೊಸ ಜೋಡಿಗಳಿಗೆ ಗೋವಾ, ಕೈ ಸ್ವಲ್ಪ ಸಡಿಲ ಬಿಟ್ಟವರಿಗೆ ಅಂಡಮಾನ್. ಗೋಡೆಯ ಮೇಲೆ ಅಂಡಮಾನಿನ ಒಂದು ದೊಡ್ಡ ಚಿತ್ರ: ತೆಂಗಿನ ಮರ, ನೀಲಿ ನೀರು, ದಂಡೆಯಲ್ಲಿ ಎರಡು ಖಾಲಿ ಕುರ್ಚಿ. ಅತ್ತಿ ಬಾಗಲಕೋಟೆಗೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

“ಸವಿತಾ, ಅಲ್ಲಿ ಎರಡ ಕುರ್ಚಿ ಅದಾವಲ್ಲ?”

“ಹೂಂ ಅತ್ತಿ.”

“ಮೂರನೇದ ಇಲ್ಲ?”

“ಗಂಡ ಹೆಂಡ್ತಿ ಇಬ್ಬರ ಹೋಗೂ ಜಾಗಾ ಅದು. ಮೂರನೇದ ಯಾಕಬೇಕು?”

“ಅಲ್ಲಿ ನಮ್ಮ ಮಂದಿ ಯಾರರ ಇರ್ತಾರೇನ? ಹುನಗುಂದದವರು? ಸೀರಿ ಮಾರಾಕ ಹ್ವಾದ ಇಳಕಲ್ಲದವರು?”

“ಸಮುದ್ರದ ನಡುವ ಯಾವ ಇಳಕಲ್ಲದವರು ಅತ್ತಿ? ಒಂದು ನರಪಿಳ್ಳಿ ಇರಂಗಿಲ್ಲ.”

ಆಗ ಅವಳು ದನಿ ತಗ್ಗಿಸಿ ಹೇಳಿದಳು: “ಅವರ ಕಿವಿ ಪೂರ್ತಿ ಹೋಗೂದರಾಗ ನನ್ನ ಬಾಯಿಲೆ ಅವರ ಹೆಸರು ಒಮ್ಮೆರೆ ಅವರಿಗೆ ಕೇಳಬೇಕವಾ. ಮನ್ಯಾಗ ಸಣ್ಣಗ ಅಂದ್ರ ಅವರಿಗೆ ಕೇಳಂಗಿಲ್ಲ. ಒದರಿದ್ರ ಓಣಿಗೆಲ್ಲ ಕೇಳ್ತತಿ.”

ನಾನು ನನ್ನ ಗಂಡನನ್ನು ದಿನಕ್ಕೆ ನೂರು ಸಲ ಹೆಸರು ಹಿಡಿದು ಕರೆದು ಬೈಯುವವಳು. ಮೊದಲು ನಗು ಬಂತು. ಆಮೇಲೆ ಅವಳ ಮುಖ ನೋಡಿದೆ. ಆವತ್ತೇ ಇಬ್ಬರಿಗೂ ಅಂಡಮಾನಿನ ಏರ್ಪಾಟು ಶುರು ಮಾಡಿದೆ.

ಅದನ್ನು ಕೆಡಿಸಿದ್ದು ರೊಟ್ಟಿ. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡವಳು, ತಾನೇ ಒಲೆ ಮುಂದೆ ಕೂತು ಕಡಕ್ ರೊಟ್ಟಿಯ ದೊಡ್ಡ ಗುಡ್ಡೆ ಹಾಕಿ, ಶೇಂಗಾ ಹಿಂಡಿ ಕುಟ್ಟತೊಡಗಿದಳು. ಬುತ್ತಿ ಇಲ್ಲದೆ ಊರು ದಾಟುವುದು ನಮ್ಮವರಿಗೆ ಗೊತ್ತೇ ಇಲ್ಲವಲ್ಲ! ಕಡಕ್ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪ್ರಯಾಣ ಎಂದು ಮನೆಯ ಬೆಕ್ಕಿಗೂ ತಿಳಿಯುತ್ತದೆ. ಅವಳ ಅತ್ತೆ ಕೋಲೂರಿಕೊಂಡು ಅಡುಗೆಮನೆಗೆ ಬಂದರು. “ಎಲ್ಲಿಗೆ?” ಅತ್ತಿಗೆ ಸುಳ್ಳು ಹೊಳೆಯಲಿಲ್ಲ. “ದ್ವೀಪಕ್ಕ” ಅಂದಳು.

“ಇಬ್ಬರ? ಯಾಕ, ನಾವೇನ ಪಾಪ ಮಾಡೇವಿ?” ಎಂದರು ಮುದುಕಿ. “ರಾಮೇಶ್ವರ ದ್ವೀಪ ಅಲ್ಲೇನ? ಎಲ್ಲಾರೂ ಹೋಗೂಣು, ಪುಣ್ಯಾನೂ ಬರ್ತತಿ.”

ಎರಡು ಟೆಂಪೋ ತುಂಬ ಮಂದಿ ರಾಮೇಶ್ವರಕ್ಕೆ ಹೋಗಿ ಬಂದರು. ಟೆಂಪೋ ಗೊತ್ತು ಮಾಡಿಕೊಟ್ಟವಳೂ ನಾನೇ, ನನ್ನ ಹಣೆಬರಹ. ಅಲ್ಲಿ ಗಂಡಸರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು ಕೋಣೆ. ಮರಳಿ ಬಂದ ಅತ್ತಿ ನನ್ನ ಕೈಗೆ ಪ್ರಸಾದ ಇಟ್ಟು, “ದ್ವೀಪ ನೋಡಿದೆ ಸವಿತಾ. ಗಂಡನ್ನ ನೋಡಲಿಲ್ಲ” ಎಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ಮಾತ್ರ ಆ ಎರಡು ಕುರ್ಚಿಯ ಮೇಲಿತ್ತು.

ಮುಂದಿನ ಬಾರಿ ಅಂಡಮಾನಿನ ಟಿಕೆಟ್ ಮಾಡಿಸುವಾಗ ನಾನು ಹುಷಾರಾದೆ. ರೊಟ್ಟಿ ನನ್ನ ಮನೆಯಲ್ಲಿ ಬಡಿದೆವು. ಮಾಮಾನ ಕಿವಿ ತೋರಿಸಲು ಹುಬ್ಬಳ್ಳಿಗೆ ಹೋಗುತ್ತೇವೆ, ಒಂದು ವಾರ ಹಿಡಿಯುತ್ತದೆ ಎಂದು ಕೆರೂರಿನಲ್ಲಿ ಹೇಳಿಸಿದೆ. ಅವಳ ಅತ್ತೆ, “ಹೋಗೂ ದಾರ್‍ಯಾಗ ದೇವರಿಗೆ ಬೇಡ್ಕೋರಿ” ಎಂದು ಇಬ್ಬರ ಹಣೆಗೂ ದೇವರ ಅಂಗಾರ ಹಚ್ಚಿ ಕಳಿಸಿದರಂತೆ. ಮಾಮಾನಿಗೆ ವಿಷಯ ಹೇಳಿದಾಗ ಅವರು ಹೆಂಡತಿಯ ಕಡೆ ಒಮ್ಮೆ ನೋಡಿ, “ಹೂಂ” ಎಂದರು. ಗಿರಣಿಯ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು ಬಂದರು. ಅವರು ಹಾಗೆ ಕೀಲಿ ಬಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

ವಾರದ ಮೇಲೆ ಅತ್ತಿ ಒಬ್ಬಳೇ ಅಂಗಡಿಗೆ ಬಂದಳು. ಮುಖ ಬಿಸಿಲಿಗೆ ಕಂದಿತ್ತು.

“ಕರದ್ಯಾ?” ಎಂದೆ, ಕೂರುವುದಕ್ಕೂ ಬಿಡದೆ.

ಅತ್ತಿ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. “ನಿನ್ನ ಮನಿ ಹಾಳಾಗಲಿ! ಶಾಂತ ಜಾಗಾ ಅಂದಿದ್ಯಲ್ಲ, ಆ ಸಮುದ್ರ ನಮ್ಮ ಗಿರಣಿಗಿಂತ ಹೆಚ್ಚ ಒದರ್ತತಿ! ಗಿರಣಿಗೆರ ಸ್ವಿಚ್ ಐತಿ. ಅದಕ್ಕೆಲ್ಲೈತಿ?”

ಸಮುದ್ರ ಸದ್ದು ಮಾಡುತ್ತದೆ ಎನ್ನುವುದು ನಮ್ಮ ಇಬ್ಬರಿಗೂ ಹೊಳೆದೇ ಇರಲಿಲ್ಲ. ಬಾದಾಮಿಯ ಹೊಂಡ, ಮಲಪ್ರಭೆಯ ಮಡು ನೋಡಿ ಬೆಳೆದವರಿಗೆ ನೀರೆಂದರೆ ಸುಮ್ಮನೆ ಬಿದ್ದಿರುವ ವಸ್ತು. ರಾಮೇಶ್ವರದಲ್ಲಿ ಎರಡು ಟೆಂಪೋ ಮಂದಿಯ ಗದ್ದಲದ ನಡುವೆ ಸಮುದ್ರದ ಸದ್ದು ಅತ್ತಿಗೆ ಕೇಳಿರಲೇ ಇಲ್ಲ; ಚಿತ್ರದಲ್ಲಿಯೂ ಅದು ಸುಮ್ಮನೇ ಇತ್ತಲ್ಲ.

“ಅವರು ಮೊಣಕಾಲ ನೀರಾಗ ನಿಂತಿದ್ರು, ನನ್ನ ಕಡೆ ಮಾರಿ ಮಾಡಿ. ಸುತ್ತ ಯಾರೂ ಇದ್ದಿಲ್ಲ. ಗಾಳಿಗೆ ಸೆರಗು ತಲಿ ಮ್ಯಾಲ ನಿಲ್ಲಲಿಲ್ಲ, ನಾನೂ ಹಾಳಾಗಿ ಹೋಗಲಿ ಅಂತ ಬಿಟ್ಟೆ. ಕರದೆ, ಸವಿತಾ. ಒಡಪಿಲ್ಲ ಏನಿಲ್ಲ, ಬರೇ ಹೆಸರು. ಅವರು ಕಿವಿಗೆ ಕೈ ಇಟ್ಟು ‘ಆಂ?’ ಅಂದ್ರು. ಮತ್ತ ಕರದೆ. ಮತ್ತ ‘ಆಂ?’ ಅಂದ್ರು. ಎಷ್ಟ ಸಲ ಒದರಿದ್ನೊ ನನಗ ಗೊತ್ತಿಲ್ಲ, ಗಂಟಲ ಹರದ ಹೋತು. ಅವರಿಗೆ ಕೇಳಲೇ ಇಲ್ಲ.”

ನಗು ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು, “ತೆರಿ ಇಲ್ಲದ ದ್ವೀಪ ಇರ್ತಾವೇನ ನೋಡು. ಕಿವಿ ಇನ್ನೂ ಸ್ವಲ್ಪ ಐತಿ” ಎಂದಳು.

ಹುಡುಕಿದೆ. ಲಕ್ಷದ್ವೀಪದ ಕಡೆ ಸುತ್ತ ಹವಳದ ಗೋಡೆ ಇದ್ದು, ಒಳಗಿನ ನೀರು ಹೊಂಡದಂತೆ ಸುಮ್ಮನಿರುವ ಜಾಗಗಳಿವೆ. ಮಳೆಗಾಲ ಮುಗಿಯಲಿ, ಹೋಗುವಿರಂತೆ ಎಂದೆ. ಕೆರೂರಿನಿಂದ ಫೋನ್ ಮಾಡಿದಾಗಲೆಲ್ಲ ಅತ್ತಿಯ ಮೊದಲ ಮಾತು, “ಮಳಿ ಮುಗೀತೇನ?”

ಮಳೆ ಮುಗಿಯುವ ಮುಂಚೆಯೇ ಅತ್ತಿ ಮುಗಿದಳು. ಎದೆ ನೋವೆಂದು ಕೂತವಳು ಏಳಲಿಲ್ಲ. ನಾನು ಹೋದಾಗ ಗಿರಣಿ ಬಂದ್ ಆಗಿತ್ತು. ಆ ಮನೆ ಅಷ್ಟು ಶಾಂತವಾಗಿದ್ದದ್ದು ಅದೇ ಮೊದಲು. ಈ ಶಾಂತಿಗಾಗಿ ಅವಳನ್ನು ಎಲ್ಲೆಲ್ಲಿಗೆ ಕಳಿಸಿದೆನಲ್ಲ ಎಂದು ನನಗೆ ತಡೆಯಲಾರದ ಅಳು ಬಂತು. ಅವರಿಗೆ ಕೇಳಲೇ ಇಲ್ಲ ಎಂದುಕೊಂಡೇ ಹೋದಳು, ಪುಣ್ಯಾತ್ಗಿತ್ತಿ.

ಮೊನ್ನೆ ಮಾಮಾ ಅಂಗಡಿಗೆ ಬಂದರು. ರೆಪ್ಪೆಯ ಮೇಲೆ ಹಿಟ್ಟಿಲ್ಲದ ಆ ಮುಖ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಈಗ ಅವರಿಗೆ ಏನೂ ಕೇಳುವುದಿಲ್ಲ. ಅತ್ತಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಗೋಡೆಯ ಚಿತ್ರ ನೋಡಿದರು.

“ಆಕಿ ನಿನಗ ಏನಂದ್ಲು? ನನಗ ಕೇಳಲಿಲ್ಲ ಅಂದ್ಲೇನು?”

ಹೌದೆಂದು ತಲೆ ಆಡಿಸಿದೆ.

“ಖರೆ ಐತಿ, ಕೇಳಲಿಲ್ಲ. ಆದ್ರ ತುಟಿ ನೋಡಿದ್ನಲ್ಲ. ಮನ್ಯಾಗ ಯಾವಾಗ್ಲೂ ಸೆರಗು ಅಡ್ಡ ಇರ್ತಿತ್ತು, ಅಲ್ಲಿ ಇದ್ದಿಲ್ಲ. ಮೊದಲನೇ ಸಲಾನ ತಿಳೀತು.”

“ಮತ್ತ ‘ಆಂ’ ಅಂತ ಯಾಕಂದ್ರಿ ಮಾಮಾ?” ನಾನು ಬಾಯಿ ದೊಡ್ಡದಾಗಿ ತೆರೆದು, ನಿಧಾನ ಕೇಳಿದೆ.

“ತಿಳೀತು ಅಂದಿದ್ರ ನಾಚಿ ಬಿಟ್ಟಬಿಡ್ತಿದ್ಲು. ಇನ್ನೊಮ್ಮೆ ಕರೀಲಿ ಅಂತ ‘ಆಂ’ ಅಂದೆ. ಇನ್ನೊಮ್ಮೆ, ಇನ್ನೊಮ್ಮೆ ಅಂತ ಆಸೆ ಆತು.” ಅವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. “ಆಮ್ಯಾಲ ಹೇಳಿದ್ರಾತು, ಮಳಿ ಮುಗದ ಮ್ಯಾಲ ಆ ಇನ್ನೊಂದ ದ್ವೀಪಕ್ಕ ಹೋಗಿ ಹೇಳಿದ್ರಾತು ಅಂದ್ಕೊಂಡಿದ್ದೆ.”

ಮಾಮಾ ಗೋಡೆಯ ಕಡೆ ಬೆರಳು ಮಾಡಿದರು.

“ಆ ಮೊದಲಿನ ಜಾಗಾಕ್ಕ ಒಂದ ಟಿಕೆಟ್ ತಗಿ.”

“ಒಬ್ಬರ ಹೋಗಿ ಏನ್ ಮಾಡ್ತೀರಿ ಮಾಮಾ?”

“ಆಕಿ ಗಂಟಲ ಹರಿಯೂ ತನಕ ಕರದ್ಲು. ನಾ ಆಕಿ ಹೆಸರು ಹಿಡದು ಒಮ್ಮೆನೂ ಕರದಿಲ್ಲವಾ. ಈಗ ನನ್ನ ಪಾಳಿ.”