ಅಕ್ಕ ಗುರುತು ಹಾಕಿದ ಚಿಕ್ಕ ಬದಲಾವಣೆ

ಸವದತ್ತಿಯ ಅಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡೆದ್ದವರಿಗೂ “ಏನೂ ಮಾಡಾಕ ಆಗ್ಲಿಲ್ರಿ” ಎಂಬ ಮಾತು ತಪ್ಪುತ್ತಿರಲಿಲ್ಲ. ಎಣ್ಣೆಗಾಯಿ, ಹೋಳಿಗೆ ಎಲ್ಲ ಬಡಿಸಿ ಏನೂ ಮಾಡಲಾಗಲಿಲ್ಲ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅದೇ ಅವಳಿಗೆ ಮುಳುವಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಕ್ಕ ಹತ್ತಿರದ ಹೂಲಿಯ ಶಾಲೆಯಲ್ಲಿ ಶಿಕ್ಷಕಿ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶವನ್ನು ನಾನಿದ್ದ ಬೈಲಹೊಂಗಲದ ಸೈಬರ್ ಕೆಫೆಯಲ್ಲಿ ಅವಳಿಗೆ ತೋರಿಸಿದವನು ನಾನು. ಕನ್ನಡದಲ್ಲಿ ಹೂಲಿಯ ಬಗ್ಗೆ ಒಂದೆರಡು ಸಾಲಷ್ಟೇ ಇತ್ತು. ಅಕ್ಕ ಭಾನುವಾರಗಳಂದು ಬಂದು ಕೂತು ಅಲ್ಲಿನ ಹಳೆಯ ಗುಡಿಗಳ ಬಗ್ಗೆ ಉದ್ದಕ್ಕೆ ಬರೆದಳು. ಉಳಿಸುವ ಮುಂಚೆ ಪ್ರತಿ ಸಲವೂ ಕೆಳಗಿನ ‘ಇದು ಚಿಕ್ಕ ಬದಲಾವಣೆ’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದಳು. ಅದು ಅಕ್ಷರ ತಿದ್ದುವಂಥ ಸಣ್ಣಪುಟ್ಟ ಕೆಲಸಕ್ಕೆ, ಅಂಥದ್ದನ್ನು ಯಾರೂ ಅಷ್ಟಾಗಿ ಪರೀಕ್ಷಿಸುವುದಿಲ್ಲ ಎಂದೆ.

“ಮತ್ತ ದೊಡ್ಡದು ಬರದೇನಿ ಅಂತ ನಾನ ಹೇಳ್ಕೊಳ್ಳೇನು? ನಾಚಿಕಿ ಬರತೈತೋ” ಎಂದು ನಕ್ಕಳು.

ಒಂದು ಭಾನುವಾರ ನೋಡಿದರೆ ಅವಳ ಬರಹವೇ ಇಲ್ಲ. ಬರೆಯುವವರೊಂದಿಗೆ ಇತರರು ಮಾತಾಡಲೆಂದು ಇರುವ ಅವಳ ಚರ್ಚಾಪುಟದಲ್ಲಿ ಯಾರೋ ಬರೆದಿದ್ದರು: ಇಲ್ಲಿನದನ್ನು ಕಾಯುವುದು ಎಲ್ಲರ ಹೊಣೆ, ದೊಡ್ಡ ಬರಹವನ್ನು ಚಿಕ್ಕದೆಂದು ಗುರುತಿಸಿ ಕಣ್ಣು ತಪ್ಪಿಸಬೇಡಿ.

“ನಾ ಕಣ್ಣ ತಪ್ಪಿಸಿ ಮಾಡಿದ್ನೇನೋ ತಮ್ಮಾ?” ಅಕ್ಕನ ಕಣ್ಣು ತುಂಬಿ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಖಾರವಾಗಿ ಉತ್ತರ ಬರೆಯಹೊರಟರೆ ಅವಳೇ ಕೈ ಹಿಡಿದಳು.

“ಬ್ಯಾಡೋ. ನಾ ಎಂಥಾಕಿ ಅಂತ ಅವರಿಗೇನು ಗೊತ್ತು? ಕಾಯಾವ್ರು ಕೇಳಬೇಕಾಗತೈತಿ.”

ಅಷ್ಟು ಹೇಳಿದವಳು ಮತ್ತೆ ಆ ಕೆಫೆಯ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ನಾನೇ ಎಲ್ಲ ವಿವರಿಸಿ ಬರೆದೆ. ಆ ಮನುಷ್ಯ ಕೆಟ್ಟವರೇನಲ್ಲ. ಕ್ಷಮೆ ಕೇಳಿ ಬರಹವನ್ನು ಮೊದಲಿನಂತೆ ಹಾಕಿದರು. ತಿಳಿಸಿದಾಗ ಅಕ್ಕ “ಚಲೋ ಆತು” ಎಂದಳಷ್ಟೆ. ಬರೆಯಲು ಕರೆದಾಗಲೆಲ್ಲ ಒಂದಿಲ್ಲೊಂದು ಕೆಲಸದ ನೆಪ. ಬೇಡವೆಂದು ಬಾಯಿಬಿಟ್ಟು ಹೇಳಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಕ್ರಮೇಣ ನಾನೂ ಕರೆಯುವುದನ್ನು ಬಿಟ್ಟೆ. ಕೆಲವು ವರ್ಷಗಳ ನಂತರ ಅಕ್ಕ ಜಡ್ಡಿಗೆ ಬಿದ್ದು ತೀರಿಕೊಂಡಳು.

ವರ್ಷದ ಕಾರ್ಯ ಮುಗಿದ ಮೇಲೆ, ಅವಳು ಬರೆದದ್ದನ್ನು ಓದಬೇಕೆನಿಸಿ ವಿಶ್ವಕೋಶವನ್ನು ತೆರೆದೆ. ಅವಳ ಚರ್ಚಾಪುಟದಲ್ಲಿ ಅದೇ ಮನುಷ್ಯ ಮತ್ತೆ ಬರೆದಿದ್ದರು: ‘ನಿಮ್ಮ ಬರಹ ಓದಿ ಹೂಲಿಗೆ ಹೋಗಿಬಂದೆ. ಆ ಗುಡಿಗಳ ಬಗ್ಗೆ ನೀವು ಇನ್ನೂ ಬರೆಯಬೇಕು. ಕಾಯುತ್ತಿರುತ್ತೇನೆ.’

ಯಾವಾಗ ಬರೆದದ್ದೆಂದು ನೋಡಿದೆ. ಆಗ ಅಕ್ಕ ಇನ್ನೂ ಇದ್ದಳು, ಗಟ್ಟಿಮುಟ್ಟಾಗಿ ಓಡಾಡಿಕೊಂಡೇ ಇದ್ದಳು.